ಮಕ್ಕಳ ಹೃದಯ ಕ್ಯಾಥೆಟರ್ ಚಿಕಿತ್ಸೆಯಲ್ಲಿ ಅಭಿಧಮನಿ ಅರಿವಳಿಕೆ

ಎದೆಯನ್ನು ತೆರೆಯದೆ ಹೃದಯದ ಒಳಭಾಗವನ್ನು ಪರೀಕ್ಷಿಸುವ, ಸಾಧ್ಯವಾದಲ್ಲಿ ದುರಸ್ತಿಯನ್ನೂ ಮಾಡುವ ವಿಧಾನವೇ ಕ್ಯಾಥೆಟರ್ ಚಿಕಿತ್ಸೆ. ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದಲ್ಲಿ ತೆಳುವಾದ, ಬಾಗುವ ಗುಣವುಳ್ಳ ನಳಿಕೆಯೊಂದನ್ನು ಸೇರಿಸಿ, ಕ್ಷ-ಕಿರಣದ ಪರದೆಯ ಮೇಲೆ ಅದರ ಚಲನೆಯನ್ನು ನೋಡುತ್ತ ಹೃದಯದ ಕೋಣೆಗಳವರೆಗೆ ಒಯ್ಯಲಾಗುತ್ತದೆ. ವಯಸ್ಕರಿಗೆ ನಳಿಕೆ ಸೇರಿಸುವ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕಾಗುವುದುಂಟು. ಮಕ್ಕಳಿಗೆ ಬಹುತೇಕ ಯಾವಾಗಲೂ ಆಳವಾದ ಮಂಪರು ಅಥವಾ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಅರಿವಳಿಕೆಯ ಔಷಧವನ್ನು ಉಸಿರಾಡುವ ಅನಿಲದ ರೂಪದಲ್ಲಿ ಕೊಡದೆ ಅಭಿಧಮನಿಯ ಮೂಲಕ ನೇರವಾಗಿ ರಕ್ತಕ್ಕೆ ಸೇರಿಸುವುದನ್ನು ಅಭಿಧಮನಿ ಅರಿವಳಿಕೆ ಎನ್ನುತ್ತಾರೆ. ಆರಂಭದಿಂದ ಕೊನೆಯವರೆಗೂ ಅನಿಲದ ನೆರವಿಲ್ಲದೆ ಇದೇ ಮಾರ್ಗವನ್ನು ಅನುಸರಿಸಿದರೆ ಅದು ಸಂಪೂರ್ಣ ಅಭಿಧಮನಿ ಅರಿವಳಿಕೆ. ಆಸ್ಪತ್ರೆಗಳಲ್ಲಿ ಇದರ ಚಿಕ್ಕ ಹೆಸರು ‘ಟಿವಾ’.

ಕ್ಯಾಥೆಟರ್ ಕೊಠಡಿಯಲ್ಲಿ ನಡೆಯುವ ಕೆಲಸ

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಪಟ್ಟಣದ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತಮ್ಮ ತೋಳಿನ ಅಭಿಧಮನಿಯ ಮೂಲಕ ನಳಿಕೆಯೊಂದನ್ನು ತಾವೇ ಹೃದಯದವರೆಗೆ ತೂರಿಸಿಕೊಂಡರು. ಅದೇ ಸ್ಥಿತಿಯಲ್ಲಿ ಕ್ಷ-ಕಿರಣ ಕೊಠಡಿಗೆ ನಡೆದುಹೋಗಿ ಚಿತ್ರವನ್ನೂ ತೆಗೆಸಿಕೊಂಡರು. ಈ ಸಾಹಸವನ್ನು ಕ್ರಮಬದ್ಧ ಪರೀಕ್ಷೆಯಾಗಿ ಬೆಳೆಸಿದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಆಂದ್ರೆ ಕೂರ್ನಾಂ ಮತ್ತು ಡಿಕಿನ್ಸನ್ ರಿಚರ್ಡ್ಸ್. ಮೂವರಿಗೂ 1956ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು.

ಮೊದಮೊದಲು ಕ್ಯಾಥೆಟರಿನ ಕೆಲಸ ಅಳತೆ ಮಾತ್ರವಾಗಿತ್ತು. ಹೃದಯದ ಪ್ರತಿ ಕೋಣೆಯ ಒತ್ತಡವನ್ನು ದಾಖಲಿಸುವುದು, ಅಲ್ಲಲ್ಲಿಂದ ರಕ್ತದ ಮಾದರಿ ತೆಗೆದು ಆಮ್ಲಜನಕದ ಪ್ರಮಾಣ ನೋಡುವುದು, ಕ್ಷ-ಕಿರಣದಲ್ಲಿ ಎದ್ದು ಕಾಣುವ ದ್ರಾವಣವನ್ನು ಹರಿಸಿ ಚಿತ್ರ ತೆಗೆಯುವುದು ಇದರ ಮುಖ್ಯ ಅಂಗಗಳು. 1966ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ರಾಷ್ಕಿಂಡ್ ನಳಿಕೆಯ ತುದಿಯ ಬಲೂನಿನಿಂದ ಮೇಲಿನ ಕೋಣೆಗಳಾದ ಎರಡು ಹೃತ್ಕರ್ಣಗಳ ನಡುವಿನ ರಂಧ್ರವನ್ನು ಹಿಗ್ಗಿಸಿ, ಮಹಾರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಶಿಶುಗಳಿಗೆ ಉಸಿರು ಉಳಿಸಿಕೊಟ್ಟರು. ಅಲ್ಲಿಂದ ಮುಂದೆ ಕ್ಯಾಥೆಟರ್ ಚಿಕಿತ್ಸೆಯ ಸಾಧನವಾಯಿತು. 1982ರಲ್ಲಿ ಜೀನ್ ಕ್ಯಾನ್ ಅವರ ತಂಡವು ಕಿರಿದಾದ ಶ್ವಾಸಕೋಶ ಕವಾಟವನ್ನು ಬಲೂನಿನಿಂದ ಅಗಲಿಸಿದ್ದನ್ನು ವರದಿ ಮಾಡಿತು. 2000ದಲ್ಲಿ ಫಿಲಿಪ್ ಬೋನ್‌ಹೋಫರ್ ನಳಿಕೆಯ ಮೂಲಕವೇ ಹೊಸ ಕವಾಟವನ್ನು ಕೂರಿಸಿದರು. ಇಂದು ಹೆತ್ತವರ ಮಾತಿನಲ್ಲಿ ‘ಹೃದಯದ ತೂತು’ ಎನಿಸುವ ಅನೇಕ ದೋಷಗಳನ್ನು ಛತ್ರಿಯಾಕಾರದ ಸಾಧನದಿಂದ ಮುಚ್ಚುವುದು ದಿನನಿತ್ಯದ ಕೆಲಸವಾಗಿದೆ.

ಮಗುವನ್ನು ನಿದ್ರೆಗೆ ಒಯ್ಯುವ ಅಗತ್ಯ

ಫೋರ್ಸ್‌ಮನ್ ಚರ್ಮವನ್ನಷ್ಟೇ ಮರಗಟ್ಟಿಸಿಕೊಂಡು ತಮ್ಮ ಪ್ರಯೋಗ ನಡೆಸಿದರು. ಎರಡು ವರ್ಷದ ಮಗುವಿಗೆ ಅಲುಗಾಡದೆ ಮಲಗು ಎಂದು ಹೇಳುವಂತಿಲ್ಲ. ನೋವಿಗಿಂತಲೂ ಅಪರಿಚಿತ ಕೊಠಡಿ, ಮುಖಗವಸು ತೊಟ್ಟ ಜನ ಮತ್ತು ಅಮ್ಮನ ಅಗಲಿಕೆ ಅದನ್ನು ಕಂಗೆಡಿಸುತ್ತವೆ. ಅತ್ತ ಮಗುವಿನ ಹೃದಯ ವೇಗವಾಗಿ ಬಡಿಯುತ್ತದೆ, ಆಮ್ಲಜನಕದ ಬಳಕೆ ಏರುತ್ತದೆ, ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ. ಆ ಕ್ಷಣದಲ್ಲಿ ತೆಗೆದ ಅಳತೆಗೆ ಬೆಲೆಯಿಲ್ಲ. ಹೃದಯದ ಗೋಡೆಯ ಸಮೀಪ ತಂತಿ ಇರುವಾಗ ಮಗು ಒದ್ದಾಡಿದರೆ ಗೋಡೆಗೇ ಗಾಯವಾಗಬಹುದು.

ಅನಿಲರೂಪದ ಅರಿವಳಿಕೆಯೂ ಕ್ಯಾಥೆಟರ್ ಕೊಠಡಿಯಲ್ಲಿ ಬಳಕೆಯಲ್ಲಿದೆ. ಸೂಜಿಗೆ ಹೆದರುವ ಮಗುವಿಗೆ ಮೊದಲು ಸೆವೊಫ್ಲುರೇನ್ ಅನಿಲವನ್ನು ಉಸಿರಾಡಿಸಿ, ನಿದ್ರೆ ಬಂದ ಮೇಲೆ ಅಭಿಧಮನಿಗೆ ಕ್ಯಾನುಲಾ ಎಂಬ ಸಣ್ಣ ಕೊಳವೆಯನ್ನು ಹಾಕಿ, ಅಲ್ಲಿಂದ ಮುಂದೆ ಅಭಿಧಮನಿಯ ಔಷಧಕ್ಕೆ ಬದಲಾಯಿಸುವುದು ಅನೇಕ ಕಡೆ ರೂಢಿ. ಉಸಿರಾಟವನ್ನು ಮಗುವಿಗೇ ಬಿಟ್ಟು, ಗಂಟಲಿಗೆ ಕೊಳವೆ ಇಳಿಸದೆ ಕೆಲಸ ಮುಗಿಸಲು ಅಭಿಧಮನಿ ಮಾರ್ಗ ಹೆಚ್ಚು ಅನುಕೂಲಕರ.

ಎರಡು ಪರಿಚಲನೆಗಳ ಸಮತೋಲನ

ಈ ಅರಿವಳಿಕೆಯ ತಿರುಳು ಇರುವುದು ಇಲ್ಲಿ. ಆರೋಗ್ಯವಂತ ಹೃದಯದಲ್ಲಿ ಬಲಭಾಗವು ಶ್ವಾಸಕೋಶಕ್ಕೂ ಎಡಭಾಗವು ದೇಹಕ್ಕೂ ರಕ್ತವನ್ನು ದೂಡುತ್ತವೆ. ಎರಡು ಹರಿವುಗಳು ಬೆರೆಯುವುದಿಲ್ಲ. ಜನ್ಮಜಾತ ದೋಷದಿಂದಾಗಿ ನಡುಗೋಡೆಯಲ್ಲಿ ರಂಧ್ರವಿದ್ದರೆ ರಕ್ತ ಒಂದು ಬದಿಯಿಂದ ಇನ್ನೊಂದಕ್ಕೆ ಹರಿಯುತ್ತದೆ. ವೈದ್ಯರು ಇದನ್ನು ಷಂಟ್ ಎನ್ನುತ್ತಾರೆ. ಅಡ್ಡಹರಿವು ಎಂದರೆ ಅರ್ಥ ಸ್ಪಷ್ಟವಾಗುತ್ತದೆ. ರಂಧ್ರ ದೊಡ್ಡದಿದ್ದರೆ ಈ ಹರಿವಿನ ದಿಕ್ಕನ್ನೂ ಪ್ರಮಾಣವನ್ನೂ ನಿರ್ಧರಿಸುವುದು ಎರಡು ಕಡೆಯ ರಕ್ತನಾಳಗಳ ಪ್ರತಿರೋಧ. ಒಂದೇ ತೂಬಿನಿಂದ ಕವಲೊಡೆದ ಎರಡು ಕಾಲುವೆಗಳಲ್ಲಿ ಅಡೆತಡೆ ಕಡಿಮೆಯಿರುವ ಕಡೆಗೆ ಹೆಚ್ಚು ನೀರು ಹರಿಯುವ ಹಾಗೆ, ರಕ್ತವೂ ಪ್ರತಿರೋಧ ಕಡಿಮೆಯಿರುವ ಕಡೆಗೆ ತಿರುಗುತ್ತದೆ.

ಅರಿವಳಿಕೆಯ ಔಷಧಗಳು ಮಿದುಳಿನ ಮೇಲಷ್ಟೇ ಕೆಲಸ ಮಾಡುವುದಿಲ್ಲ. ಕೆಲವು ದೇಹದ ರಕ್ತನಾಳಗಳನ್ನು ಸಡಿಲಿಸುತ್ತವೆ, ಕೆಲವು ಹೃದಯದ ಬಡಿತವನ್ನು ನಿಧಾನಿಸುತ್ತವೆ, ಬಹುಪಾಲು ಔಷಧಗಳು ಉಸಿರಾಟವನ್ನು ತಗ್ಗಿಸುತ್ತವೆ. ಉಸಿರು ತಗ್ಗಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅದು ಶ್ವಾಸಕೋಶದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಹೀಗಾಗಿ ಪ್ರತಿ ಔಷಧವೂ ಆ ಮಗುವಿನ ಅಡ್ಡಹರಿವನ್ನು ತನ್ನದೇ ರೀತಿಯಲ್ಲಿ ಬದಲಿಸುತ್ತದೆ.

ಫ್ಯಾಲೊ ಚತುಷ್ಕ ಎಂಬ ದೋಷವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿದ್ದು, ಕೆಳಕೋಣೆಗಳಾದ ಹೃತ್ಕುಕ್ಷಿಗಳ ನಡುವೆ ದೊಡ್ಡ ರಂಧ್ರವಿರುತ್ತದೆ. ದೇಹದ ರಕ್ತನಾಳಗಳು ಏಕಾಏಕಿ ಸಡಿಲಗೊಂಡರೆ ಅಶುದ್ಧ ರಕ್ತವು ಶ್ವಾಸಕೋಶವನ್ನು ಬಿಟ್ಟು ನೇರವಾಗಿ ದೇಹಕ್ಕೆ ಹರಿಯುತ್ತದೆ. ಮಗು ನೋಡನೋಡುತ್ತಿದ್ದಂತೆ ನೀಲಿಯಾಗುತ್ತದೆ. ಆಗ ಅರಿವಳಿಕೆ ತಜ್ಞರು ಮಗುವಿನ ಮೊಣಕಾಲುಗಳನ್ನು ಎದೆಗೆ ಮಡಿಸುತ್ತಾರೆ, ದ್ರವ ಕೊಡುತ್ತಾರೆ, ದೇಹದ ರಕ್ತನಾಳಗಳನ್ನು ಬಿಗಿಗೊಳಿಸುವ ಫಿನೈಲೆಫ್ರಿನ್‌ನಂಥ ಔಷಧವನ್ನು ಬಳಸುತ್ತಾರೆ. ಎಲ್ಲದರ ಗುರಿಯೂ ದೇಹದ ಕಡೆಯ ಪ್ರತಿರೋಧವನ್ನು ಏರಿಸಿ ರಕ್ತವನ್ನು ಶ್ವಾಸಕೋಶದ ಕಡೆಗೆ ತಿರುಗಿಸುವುದು.

ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿರುವ ಮಗುವಿನಲ್ಲಿ ಅಪಾಯ ಬೇರೆ ರೂಪದಲ್ಲಿ ಬರುತ್ತದೆ. ಆಳ ಸಾಲದ ಅರಿವಳಿಕೆ, ನೋವು, ಚಳಿ, ಆಮ್ಲಜನಕದ ಕೊರತೆ ಇವುಗಳಲ್ಲಿ ಯಾವುದೊಂದೂ ಆ ಒತ್ತಡವನ್ನು ಹಠಾತ್ತನೆ ಏರಿಸಿ ಹೃದಯದ ಬಲಭಾಗವನ್ನು ಸೋಲಿಸಬಲ್ಲದು. ಇದಕ್ಕಿಂತಲೂ ಹೆಚ್ಚು ಎಚ್ಚರ ಬೇಡುವುದು ವಿಲಿಯಮ್ಸ್ ಲಕ್ಷಣಕೂಟ: ಮಹಾಪಧಮನಿಯು ತನ್ನ ಕವಾಟದ ಮೇಲ್ಭಾಗದಲ್ಲಿ ಕಿರಿದಾಗಿರುವ ಈ ಮಕ್ಕಳಲ್ಲಿ ರಕ್ತದೊತ್ತಡ ಕುಸಿದರೆ ಹೃದಯದ ಸ್ನಾಯುವಿಗೇ ರಕ್ತ ಸಾಲದೆ ಹೃದಯ ಸ್ತಂಭಿಸಬಹುದು.

ಆದುದರಿಂದ ಮಕ್ಕಳ ಕ್ಯಾಥೆಟರ್ ಚಿಕಿತ್ಸೆಗೆ ಅತ್ಯುತ್ತಮ ಔಷಧ ಯಾವುದೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಔಷಧದ ಆಯ್ಕೆ ಎಂದರೆ ಆ ಮಗುವಿಗೆ ಒಪ್ಪುವ ರಕ್ತಪರಿಚಲನೆಯ ಆಯ್ಕೆ. ಹೃದಯದ ರಚನೆಯನ್ನು ಅರಿಯದೆ ಅದನ್ನು ಮಾಡುವಂತಿಲ್ಲ.

ಹಿಂದೆ ಬಳಸುತ್ತಿದ್ದ ಮಿಶ್ರಣ

1950ರ ದಶಕದಲ್ಲಿ ಪೆಥಿಡೀನ್, ಪ್ರೊಮೆಥಜೀನ್ ಮತ್ತು ಕ್ಲೋರ್‌ಪ್ರೊಮಜೀನ್ ಎಂಬ ಮೂರು ಔಷಧಗಳನ್ನು ಬೆರೆಸಿ ಮಗುವಿನ ಸ್ನಾಯುವಿಗೆ ಚುಚ್ಚುವ ಕ್ರಮ ಬಂದಿತು. ಕ್ಯಾಥೆಟರ್ ಪರೀಕ್ಷೆಗೆಂದೇ ಇದನ್ನು ಬಳಸಿದ ವರದಿ 1958ರಲ್ಲಿ ಕೆನಡಾದಲ್ಲಿ ಪ್ರಕಟವಾಯಿತು. ಒಂದೇ ಚುಚ್ಚುಮದ್ದಿನಲ್ಲಿ ಮಗು ಮಲಗುತ್ತದೆ ಎಂಬುದು ಇದರ ಆಕರ್ಷಣೆಯಾಗಿತ್ತು. ಒಮ್ಮೆ ಚುಚ್ಚಿದ ಮೇಲೆ ಪರಿಣಾಮವನ್ನು ಹೆಚ್ಚುಕಡಿಮೆ ಮಾಡುವ ದಾರಿಯಿರಲಿಲ್ಲ. ಮಂಪರು ಅನೇಕ ಗಂಟೆಗಳ ಕಾಲ ಉಳಿಯುತ್ತಿತ್ತು, ಉಸಿರಾಟ ಕುಗ್ಗುತ್ತಿತ್ತು, ರಕ್ತದೊತ್ತಡ ಇಳಿಯುತ್ತಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1995ರಲ್ಲಿ ಈ ಮಿಶ್ರಣವನ್ನು ಮರುಪರಿಶೀಲಿಸಿ, ಇದಕ್ಕಿಂತ ಸುರಕ್ಷಿತವಾದ ಬೇರೆ ಔಷಧಗಳತ್ತ ಹೊರಳುವಂತೆ ಸಲಹೆ ನೀಡಿತು. ನಿಯಂತ್ರಿಸಲಾಗದ ಔಷಧವು ಮಗುವಿನ ಹೃದಯಕ್ಕೆ ಸಲ್ಲದು ಎಂಬ ಪಾಠ ಆ ವೇಳೆಗೆ ಸ್ಥಿರವಾಗಿತ್ತು.

ಇಂದಿನ ಔಷಧಗಳು

ಕೆಟಮಿನ್ ಔಷಧವನ್ನು 1962ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಕ್ಯಾಲ್ವಿನ್ ಸ್ಟೀವನ್ಸ್ ತಯಾರಿಸಿದರು. 1970ರಲ್ಲಿ ಅದು ಆ ದೇಶದಲ್ಲಿ ಬಳಕೆಗೆ ಮಾನ್ಯತೆ ಪಡೆಯಿತು. ಇದು ನಿದ್ರೆ ತರುವುದರ ಜೊತೆಗೆ ನೋವನ್ನೂ ನಿವಾರಿಸುತ್ತದೆ. ದೇಹದಲ್ಲಿ ಅಡ್ರಿನಲಿನ್ ವರ್ಗದ ಚೋದಕಗಳ ಪ್ರಭಾವವನ್ನು ಹೆಚ್ಚಿಸುವುದರಿಂದ ಹೃದಯದ ಬಡಿತ, ರಕ್ತದೊತ್ತಡ ಮತ್ತು ದೇಹದ ರಕ್ತನಾಳಗಳ ಪ್ರತಿರೋಧ ಕುಸಿಯುವುದಿಲ್ಲ. ಉಸಿರಾಟವೂ ಬಹುಮಟ್ಟಿಗೆ ಉಳಿಯುತ್ತದೆ. ನೀಲಿ ಬಣ್ಣಕ್ಕೆ ತಿರುಗುವ ಮಕ್ಕಳಲ್ಲಿ ಇದು ನೆಚ್ಚಿನ ಔಷಧವಾಗಿರಲು ಇದೇ ಕಾರಣ. ರಕ್ತನಾಳದ ಮೂಲಕ ಆರಂಭಿಕ ಪ್ರಮಾಣ ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 1ರಿಂದ 2 ಮಿಲಿಗ್ರಾಂ. ಬಾಯಿಯಲ್ಲಿ ಜೊಲ್ಲು ಹೆಚ್ಚುವುದು, ಎಚ್ಚರವಾಗುವಾಗ ಕೆಟ್ಟ ಕನಸು ಬೀಳುವುದು, ವಾಂತಿಯಾಗುವುದು ಇದರ ತೊಂದರೆಗಳು. ಬಹುಕಾಲದ ಹೃದಯ ವೈಫಲ್ಯದಿಂದ ಬಳಲಿದ ಮಗುವಿನಲ್ಲಿ ಚೋದಕಗಳ ದಾಸ್ತಾನು ಬರಿದಾಗಿರುತ್ತದೆ. ಅಲ್ಲಿ ಕೆಟಮಿನ್ ಕೂಡ ಹೃದಯವನ್ನು ಕುಗ್ಗಿಸಬಹುದು. ಶ್ವಾಸಕೋಶದ ಒತ್ತಡವನ್ನು ಇದು ಏರಿಸುತ್ತದೆ ಎಂಬ ಭಯ ಬಹಳ ಕಾಲ ಇತ್ತು. ಉಸಿರಾಟ ಮತ್ತು ಆಮ್ಲಜನಕವನ್ನು ಸರಿಯಾಗಿ ಕಾಯ್ದುಕೊಂಡರೆ ಏರಿಕೆ ಗಣನೀಯವಲ್ಲ ಎಂದು ನಂತರದ ಅಧ್ಯಯನಗಳು ಕಂಡುಕೊಂಡವು.

ಪ್ರೊಪೊಫಾಲ್ ನೋಡಲು ಹಾಲಿನಂತೆ ಬೆಳ್ಳಗಿರುತ್ತದೆ. ಔಷಧ ನೀರಿನಲ್ಲಿ ಕರಗದ ಕಾರಣ ಅದನ್ನು ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿತಿನ್‌ನ ಮಿಶ್ರಣದಲ್ಲಿ ಸೇರಿಸಲಾಗುತ್ತದೆ. ಇದನ್ನು ರೂಪಿಸಿದ ತಂಡದ ಪಶುವೈದ್ಯ ಇಯನ್ ಗ್ಲೆನ್ 2018ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಪಡೆದರು. ಔಷಧ ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಕೊಟ್ಟ ಒಂದು ನಿಮಿಷದೊಳಗೆ ನಿದ್ರೆ, ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ನಿರಾಳ ಎಚ್ಚರ, ವಾಂತಿಯೂ ಕಡಿಮೆ. ಆದರೆ ಇದು ದೇಹದ ರಕ್ತನಾಳಗಳನ್ನು ಸಡಿಲಿಸಿ ರಕ್ತದೊತ್ತಡವನ್ನು ಇಳಿಸುತ್ತದೆ. ಎಡದಿಂದ ಬಲಕ್ಕೆ ಅಡ್ಡಹರಿವಿರುವ, ಬಲವಾದ ಹೃದಯದ ಮಗುವಿಗೆ ಇದರಿಂದ ತೊಂದರೆಯಿಲ್ಲ. ಫ್ಯಾಲೊ ಚತುಷ್ಕದಲ್ಲಿ ಮೇಲೆ ವಿವರಿಸಿದ ಅಪಾಯ ಎದುರಾಗುತ್ತದೆ. ಆದ್ದರಿಂದ ಅನೇಕ ತಜ್ಞರು ಎರಡನ್ನೂ ಜೊತೆಯಾಗಿ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ: ಪ್ರೊಪೊಫಾಲ್ ಇಳಿಸುವ ಒತ್ತಡವನ್ನು ಕೆಟಮಿನ್ ಎತ್ತಿಹಿಡಿಯುತ್ತದೆ, ಕೆಟಮಿನ್ ತರುವ ವಾಂತಿ ಮತ್ತು ಕನಸುಗಳನ್ನು ಪ್ರೊಪೊಫಾಲ್ ತಗ್ಗಿಸುತ್ತದೆ. ಔಷಧಶಾಸ್ತ್ರದಲ್ಲಿ ಇಷ್ಟು ಚೆನ್ನಾಗಿ ಹೊಂದುವ ಜೋಡಿಗಳು ವಿರಳ.

ಡೆಕ್ಸ್‌ಮೆಡಿಟೊಮಿಡಿನ್ ಸಹಜ ನಿದ್ರೆಯನ್ನು ಹೋಲುವ ಮಂಪರನ್ನು ತರುತ್ತದೆ, ಉಸಿರಾಟವನ್ನು ಹೆಚ್ಚಾಗಿ ಕುಗ್ಗಿಸುವುದಿಲ್ಲ. ಹೃದಯದ ಬಡಿತವನ್ನು ಮಾತ್ರ ನಿಧಾನಿಸುತ್ತದೆ. ಫೆಂಟನಿಲ್ ಮತ್ತು ರೆಮಿಫೆಂಟನಿಲ್ ನೋವು ನಿವಾರಕಗಳು. ಮಿಡಜೋಲಮ್ ಭಯವನ್ನು ತಗ್ಗಿಸಿ ಆ ಗಳಿಗೆಯ ನೆನಪನ್ನು ಅಳಿಸುತ್ತದೆ. ಅಮ್ಮನ ಮಡಿಲಿನಿಂದ ಮಗುವನ್ನು ಕರೆದೊಯ್ಯುವ ಮೊದಲು ಇದನ್ನು ಬಾಯಿಯ ಮೂಲಕ ಕುಡಿಸುವುದುಂಟು.

ಪ್ರಮಾಣ ಮತ್ತು ಪಂಪ್

ಮಕ್ಕಳನ್ನು ಚಿಕ್ಕ ಗಾತ್ರದ ವಯಸ್ಕರೆಂದು ಎಣಿಸಿ ಪ್ರಮಾಣವನ್ನು ನಿರ್ಧರಿಸಲಾಗದು. ತೂಕಕ್ಕೆ ಹೋಲಿಸಿದರೆ ಮಕ್ಕಳ ದೇಹದಲ್ಲಿ ಪ್ರೊಪೊಫಾಲ್ ಹೆಚ್ಚು ವಿಸ್ತಾರವಾಗಿ ಹರಡುತ್ತದೆ, ಬೇಗ ವಿಸರ್ಜನೆಯಾಗುತ್ತದೆ. ಹೀಗಾಗಿ ವಯಸ್ಕರಿಗೆ ಕಿಲೋಗೆ ಸುಮಾರು 2 ಮಿಲಿಗ್ರಾಂ ಸಾಕಾದರೆ, ಆರೋಗ್ಯವಂತ ಮಗುವಿಗೆ ಸುಮಾರು 3 ಮಿಲಿಗ್ರಾಂವರೆಗೆ ಬೇಕಾಗಬಹುದು. ನವಜಾತ ಶಿಶುವಿನಲ್ಲಿ ಯಕೃತ್ತು ಬಲಿತಿರದ ಕಾರಣ ಈ ಲೆಕ್ಕ ತಿರುವುಮುರುವಾಗುತ್ತದೆ. ಔಷಧ ಬಹಳ ಹೊತ್ತು ಉಳಿಯುತ್ತದೆ.

ಔಷಧ ಮಿದುಳನ್ನು ತಲುಪುವ ವೇಗವೂ ಹೃದಯದ ದೋಷಕ್ಕೆ ಅನುಗುಣವಾಗಿ ಬದಲಾಗುತ್ತದೆ. ಬಲದಿಂದ ಎಡಕ್ಕೆ ಅಡ್ಡಹರಿವಿದ್ದರೆ ರಕ್ತದ ಒಂದು ಭಾಗ ಶ್ವಾಸಕೋಶವನ್ನು ಸುತ್ತದೆ ನೇರವಾಗಿ ಮಿದುಳಿಗೆ ಹೋಗುತ್ತದೆ. ಅಭಿಧಮನಿಗೆ ಕೊಟ್ಟ ಔಷಧ ಬೇಗ ಫಲ ನೀಡುತ್ತದೆ, ಅನಿಲದ ಅರಿವಳಿಕೆ ನಿಧಾನವಾಗುತ್ತದೆ. ಹೃದಯ ದುರ್ಬಲವಾಗಿದ್ದು ರಕ್ತ ನಿಧಾನವಾಗಿ ಸುತ್ತುತ್ತಿದ್ದರೆ ಅಭಿಧಮನಿಯ ಔಷಧವೂ ತಡವಾಗಿ ಕೆಲಸ ಮಾಡುತ್ತದೆ. ಆಗ ತಾಳ್ಮೆಗೆಟ್ಟು ಎರಡನೆಯ ಪ್ರಮಾಣ ಕೊಟ್ಟರೆ ಎರಡೂ ಒಟ್ಟಿಗೆ ಬಂದು ರಕ್ತದೊತ್ತಡ ಕುಸಿಯುತ್ತದೆ. ಕಾಯುವುದು ಇಲ್ಲಿ ಚಿಕಿತ್ಸೆಯ ಭಾಗ.

ಔಷಧವನ್ನು ನಿರಂತರವಾಗಿ ಹರಿಸಲು ಸಿರಿಂಜ್ ಪಂಪನ್ನು ಬಳಸಲಾಗುತ್ತದೆ. ಕೆಲವು ಪಂಪುಗಳಲ್ಲಿ ಮಗುವಿನ ವಯಸ್ಸು ಮತ್ತು ತೂಕವನ್ನು ದಾಖಲಿಸಿದರೆ, ರಕ್ತದಲ್ಲಿ ಬೇಕಾದ ಸಾಂದ್ರತೆಗೆ ತಕ್ಕ ವೇಗವನ್ನು ಅವೇ ಲೆಕ್ಕ ಹಾಕುತ್ತವೆ. ಮಕ್ಕಳಿಗಾಗಿ ಕಟಾರಿಯಾ ಮತ್ತು ಪೀಡ್‌ಫ್ಯೂಸರ್ ಎಂಬ ಗಣಿತ ಮಾದರಿಗಳು ಬಳಕೆಯಲ್ಲಿವೆ. ಇವು ಸರಾಸರಿ ಮಗುವಿಗಾಗಿ ರಚಿತವಾದವು. ಅಡ್ಡಹರಿವಿರುವ ಹೃದಯದಲ್ಲಿ ಲೆಕ್ಕ ತಪ್ಪಬಹುದಾದ್ದರಿಂದ ಪಂಪಿನ ಅಂಕಿಗಿಂತ ಮಗುವಿನ ನಾಡಿ, ಉಸಿರು ಮತ್ತು ರಕ್ತದೊತ್ತಡಕ್ಕೇ ಮೊದಲ ಮನ್ನಣೆ.

ಆಮ್ಲಜನಕ ಮತ್ತು ಅಳತೆಯ ನಿಖರತೆ

ರೋಗಿಗೆ ಹೆಚ್ಚು ಆಮ್ಲಜನಕ ಕೊಡುವುದು ಒಳ್ಳೆಯದೆಂಬ ಸಾಮಾನ್ಯ ತಿಳಿವಳಿಕೆ ಕ್ಯಾಥೆಟರ್ ಕೊಠಡಿಯಲ್ಲಿ ಪೂರ್ತಿ ಸಲ್ಲುವುದಿಲ್ಲ. ಆಮ್ಲಜನಕವು ಶ್ವಾಸಕೋಶದ ರಕ್ತನಾಳಗಳನ್ನು ಹಿಗ್ಗಿಸುವ ಔಷಧವೂ ಹೌದು. ಅದನ್ನು ಧಾರಾಳವಾಗಿ ಕೊಟ್ಟರೆ ಶ್ವಾಸಕೋಶದ ಪ್ರತಿರೋಧ ಇಳಿದು, ರೋಗ ಇರುವುದಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ರಕ್ತದ ಹರಿವನ್ನು ಲೆಕ್ಕ ಹಾಕುವ ಸೂತ್ರವನ್ನು 1870ರಲ್ಲಿ ಅಡಾಲ್ಫ್ ಫಿಕ್ ಮಂಡಿಸಿದರು: ದೇಹ ಬಳಸಿದ ಆಮ್ಲಜನಕವನ್ನು, ಅಪಧಮನಿ ಮತ್ತು ಅಭಿಧಮನಿಗಳ ರಕ್ತದಲ್ಲಿರುವ ಆಮ್ಲಜನಕದ ವ್ಯತ್ಯಾಸದಿಂದ ಭಾಗಿಸಿದರೆ ಹರಿವು ದೊರೆಯುತ್ತದೆ. ಅರಿವಳಿಕೆಯಲ್ಲಿ ದೇಹದ ಆಮ್ಲಜನಕ ಬಳಕೆಯೇ ಕಡಿಮೆಯಾಗುತ್ತದೆ. ಇದನ್ನು ಮರೆತು ಪಟ್ಟಿಯಲ್ಲಿರುವ ಸಾಮಾನ್ಯ ಮೌಲ್ಯವನ್ನು ಬಳಸಿದರೆ ಉತ್ತರ ತಪ್ಪುತ್ತದೆ.

ಆದ್ದರಿಂದ ಮೊದಲ ಸುತ್ತಿನ ಅಳತೆಗಳನ್ನು ಸಾಧ್ಯವಾದಷ್ಟೂ ಶೇಕಡ 21ರಷ್ಟು ಆಮ್ಲಜನಕವಿರುವ ಸಾಮಾನ್ಯ ಗಾಳಿಯಲ್ಲಿ, ಇಂಗಾಲದ ಡೈಆಕ್ಸೈಡ್ ಸಹಜ ಮಟ್ಟದಲ್ಲಿರುವಾಗ ತೆಗೆಯುತ್ತಾರೆ. ಬಳಿಕ ಶುದ್ಧ ಆಮ್ಲಜನಕ ಅಥವಾ ನೈಟ್ರಿಕ್ ಆಕ್ಸೈಡ್ ಕೊಟ್ಟು ಅಳತೆಯನ್ನು ಪುನರಾವರ್ತಿಸುತ್ತಾರೆ. ಶ್ವಾಸಕೋಶದ ರಕ್ತನಾಳಗಳು ಇನ್ನೂ ಹಿಗ್ಗಬಲ್ಲವೇ ಎಂಬುದು ಇದರಿಂದ ತಿಳಿಯುತ್ತದೆ. ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಬಹುದೇ ಇಲ್ಲವೇ ಎಂಬ ನಿರ್ಧಾರ ಅನೇಕ ವೇಳೆ ಈ ಉತ್ತರದ ಮೇಲೆ ನಿಂತಿರುತ್ತದೆ. ಅರಿವಳಿಕೆಯ ಗುಣಮಟ್ಟ ಮಗುವಿನ ಮುಂದಿನ ಚಿಕಿತ್ಸೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಗಾಳಿಗುಳ್ಳೆಯ ಅಪಾಯ

ಡ್ರಿಪ್ಪಿನ ಕೊಳವೆಯಲ್ಲಿ ಸಣ್ಣ ಗಾಳಿಗುಳ್ಳೆ ಇದ್ದರೆ ಸಾಮಾನ್ಯವಾಗಿ ಅದು ಶ್ವಾಸಕೋಶದಲ್ಲಿ ಸೋಸಿಹೋಗುತ್ತದೆ. ಹೃದಯದಲ್ಲಿ ರಂಧ್ರವಿರುವ ಮಗುವಿನಲ್ಲಿ ಅದು ಬಲದಿಂದ ಎಡಕ್ಕೆ ದಾಟಿ ಮಿದುಳಿನ ರಕ್ತನಾಳವನ್ನೋ ಹೃದಯದ ರಕ್ತನಾಳವನ್ನೋ ಅಡ್ಡಗಟ್ಟಬಹುದು. ಆದ ಕಾರಣ ಪ್ರತಿ ಸಿರಿಂಜ್, ಪ್ರತಿ ಕೊಳವೆಯ ಜೋಡಣೆಯಿಂದ ಗಾಳಿಯನ್ನು ಹೊರಹಾಕಿದ ಬಳಿಕವೇ ಔಷಧ ಕೊಡಲಾಗುತ್ತದೆ.

ಅದೇ ಎಚ್ಚರ ದ್ರವದ ಪ್ರಮಾಣಕ್ಕೂ ಬೇಕು. 3 ಕಿಲೋ ತೂಕದ ಶಿಶುವಿನ ದೇಹದಲ್ಲಿರುವ ಒಟ್ಟು ರಕ್ತ ಸುಮಾರು 250 ಮಿಲಿಲೀಟರ್. ಪರೀಕ್ಷೆಗೆ ತೆಗೆದ ರಕ್ತ, ಕೊಳವೆ ತೊಳೆಯಲು ಬಳಸಿದ ದ್ರಾವಣ, ಚಿತ್ರಕ್ಕಾಗಿ ಹರಿಸಿದ ದ್ರವ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಬಳಕೆಯ ಕ್ಷೇತ್ರಗಳು

ರಂಧ್ರ ಮುಚ್ಚುವಿಕೆ, ಕವಾಟವನ್ನು ಬಲೂನಿನಿಂದ ಅಗಲಿಸುವುದು, ಕಿರಿದಾದ ರಕ್ತನಾಳಕ್ಕೆ ಸ್ಟೆಂಟ್ ಎಂಬ ಜಾಲರಿ ಕೊಳವೆಯನ್ನು ಅಳವಡಿಸುವುದು, ಶ್ವಾಸಕೋಶದ ಒತ್ತಡದ ಅಳತೆ ಇವು ಮುಖ್ಯ ಬಳಕೆಗಳು. ಹೃದಯದ ವಿದ್ಯುತ್ ಮಾರ್ಗಗಳನ್ನು ಪರೀಕ್ಷಿಸಿ, ತಪ್ಪು ಮಾರ್ಗವನ್ನು ಶಾಖದಿಂದ ಸುಡುವ ಚಿಕಿತ್ಸೆಯಲ್ಲಿ ವಿದ್ಯುತ್ ಸಂಕೇತಗಳನ್ನು ನಿಧಾನಿಸುವ ಡೆಕ್ಸ್‌ಮೆಡಿಟೊಮಿಡಿನ್‌ನಂಥ ಔಷಧವನ್ನು ಸಾಧ್ಯವಾದಷ್ಟೂ ದೂರವಿಡುತ್ತಾರೆ; ಇಲ್ಲದಿದ್ದರೆ ಹುಡುಕುತ್ತಿರುವ ದೋಷವೇ ಮರೆಯಾಗಬಹುದು.

ಜೀವಂತವಾಗಿ ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳಿಗೆ ಹೃದಯದ ಜನ್ಮಜಾತ ದೋಷವಿರುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆ, ನಾರಾಯಣ ಹೃದಯಾಲಯ ಮತ್ತು ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗಳಲ್ಲಿ ಮಕ್ಕಳ ಹೃದಯ ಚಿಕಿತ್ಸೆ ನಡೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ನಡೆಸಿ ಪತ್ತೆಹಚ್ಚುವ ತೊಂದರೆಗಳ ಪಟ್ಟಿಯಲ್ಲಿ ಜನ್ಮಜಾತ ಹೃದಯದೋಷವೂ ಸೇರಿದೆ.

ಮಿತಿಗಳು

ಪ್ರೊಪೊಫಾಲನ್ನು ದೊಡ್ಡ ಪ್ರಮಾಣದಲ್ಲಿ ದಿನಗಟ್ಟಲೆ ಹರಿಸಿದರೆ ರಕ್ತ ಆಮ್ಲೀಯವಾಗಿ, ಸ್ನಾಯುಗಳು ಹಾಳಾಗಿ, ಹೃದಯ ನಿಲ್ಲುವ ಸ್ಥಿತಿ ಬರಬಹುದು. ತೀವ್ರ ನಿಗಾ ಘಟಕದಲ್ಲಿದ್ದ ಐದು ಮಕ್ಕಳ ಸಾವನ್ನು 1992ರಲ್ಲಿ ಬ್ರಿಟನ್ನಿನ ವೈದ್ಯರು ವರದಿ ಮಾಡಿದಾಗ ಈ ಅಪಾಯ ಗಮನಕ್ಕೆ ಬಂತು. ಒಂದೆರಡು ಗಂಟೆಗಳ ಕ್ಯಾಥೆಟರ್ ಚಿಕಿತ್ಸೆಯಲ್ಲಿ ಈ ತೊಡಕು ಬಹಳ ಅಪರೂಪ. ಅಲ್ಲಿ ಹೆಚ್ಚು ಸಾಮಾನ್ಯವಾದ ತೊಂದರೆಗಳು ಉಸಿರುದಾರಿ ಮುಚ್ಚಿಕೊಳ್ಳುವುದು, ಹೃದಯದ ಲಯ ತಪ್ಪುವುದು, ತಂಪು ಕೊಠಡಿಯಲ್ಲಿ ಶಿಶುವಿನ ಮೈ ತಣ್ಣಗಾಗುವುದು. ಕ್ಷ-ಕಿರಣ ಯಂತ್ರದ ತೋಳುಗಳು ಮಗುವನ್ನು ಸುತ್ತುವರಿದಿರುವುದರಿಂದ ಅರಿವಳಿಕೆ ತಜ್ಞರು ಅದರ ತಲೆಯಿಂದ ದೂರವೇ ನಿಲ್ಲಬೇಕಾಗುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಗಿಂತ ಇಲ್ಲಿನ ಕೆಲಸ ಕಷ್ಟವಾಗಲು ಇದೊಂದು ಮುಖ್ಯ ಕಾರಣ.

ಹೆತ್ತವರ ಪಾತ್ರ

ಅರಿವಳಿಕೆಗೆ ಮೊದಲು ಹೊಟ್ಟೆ ಖಾಲಿಯಿರಬೇಕು. ಘನ ಆಹಾರ ಮತ್ತು ಹಸುವಿನ ಹಾಲು 6 ಗಂಟೆ, ತಾಯಿಯ ಹಾಲು 4 ಗಂಟೆ, ತಿಳಿನೀರು 2 ಗಂಟೆ ಮೊದಲು ನಿಲ್ಲಬೇಕೆಂಬುದು ವ್ಯಾಪಕವಾಗಿ ಪಾಲಿಸುವ ನಿಯಮ. ಇದಕ್ಕಿಂತ ಹೆಚ್ಚು ಹೊತ್ತು ಉಪವಾಸ ಕೆಡವಿದರೆ ಮಗು ಇನ್ನಷ್ಟು ಸುರಕ್ಷಿತವಾಗಿರುತ್ತದೆ ಎಂಬ ನಂಬಿಕೆ ತಪ್ಪು. ನೀಲಿ ಬಣ್ಣದ ಮಕ್ಕಳ ರಕ್ತ ಮೊದಲೇ ಮಂದವಾಗಿರುತ್ತದೆ. ನೀರಿಲ್ಲದೆ ಅದು ಹೆಪ್ಪುಗಟ್ಟಿ ಮಿದುಳಿಗೆ ಹಾನಿಯಾಗಬಹುದು. ಚಿಕಿತ್ಸೆ ತಡವಾದಾಗ ನೀರು ಕುಡಿಸಬಹುದೇ ಎಂದು ದಾದಿಯರನ್ನು ಕೇಳಲು ಹಿಂಜರಿಯಬಾರದು.

ಎಚ್ಚರವಾದ ಮೇಲೂ ನಳಿಕೆ ಹಾಕಿದ ಕಾಲನ್ನು ಕೆಲವು ಗಂಟೆಗಳ ಕಾಲ ಮಡಿಸದೆ ಇಡಬೇಕು, ಇಲ್ಲವಾದರೆ ರಕ್ತಸ್ರಾವವಾಗಬಹುದು. ಮಗುವಿಗೆ ಇತ್ತೀಚೆಗೆ ನೆಗಡಿ, ಕೆಮ್ಮು ಅಥವಾ ಜ್ವರ ಬಂದಿದ್ದರೆ ಅದನ್ನು ಅರಿವಳಿಕೆ ತಜ್ಞರಿಗೆ ತಪ್ಪದೆ ತಿಳಿಸಿ. ದಿನಾಂಕ ಮುಂದೆ ಹೋದೀತೆಂಬ ಭಯದಿಂದ ಅದನ್ನು ಮುಚ್ಚಿಡಬೇಡಿ. ಸೋಂಕಿನಿಂದ ಕೆರಳಿದ ಉಸಿರುದಾರಿ ಅರಿವಳಿಕೆಯ ನಡುವೆ ಬಿಗಿದುಕೊಳ್ಳಬಹುದು. ತುರ್ತಿಲ್ಲದ ಚಿಕಿತ್ಸೆಯನ್ನು ಕೆಲವು ವಾರ ಮುಂದೂಡಲು ಸಾಧ್ಯವಿದೆ.